ಬ್ಯಾಂಕೇ ಬೇಡವೆಂದ ನಾಡಿನ ಬ್ಯಾಂಕರ್



ಆಸ್ಟಿನ್ ಕಡೆಯ ಕನ್ನಡಿಗರಿಗೆ ಮೆಕಿನಿ ಫಾಲ್ಸ್ ಗೊತ್ತೇ ಇರುತ್ತದೆ. ಊರಿನಿಂದ ಅಪ್ಪ-ಅಮ್ಮ ಬಂದರೆ ಮೊದಲು ಕರೆದುಕೊಂಡು ಹೋಗುವ ಜಾಗಗಳಲ್ಲಿ ಅದೂ ಒಂದು. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ, ಆನಿಯನ್ ಕ್ರೀಕ್‌ನ ಬಂಡೆಗಳ ಮೇಲೆ ಕೂತು ತಿಂದು, "ಇದೇನೋ ನಿಮ್ಮ ಫಾಲ್ಸು? ಶಿವನಸಮುದ್ರದ ಮುಂದೆ ನಲ್ಲಿ ಬಿಟ್ಟ ಹಾಗಿದೆ" ಅಂತ ಅಮ್ಮನ ಕೈಲಿ ಅನ್ನಿಸಿಕೊಂಡು ವಾಪಸು ಬರುವ ಜಾಗ! ಅಲ್ಲೇ ಪಾರ್ಕಿನೊಳಗೆ ಒಂದು ಪಾಳುಬಿದ್ದ ಕಲ್ಲಿನ ಮನೆ ಇದೆ. ಅದು ಯಾರದ್ದು ಅಂತ ನಾನು ಎಷ್ಟೋ ವರ್ಷ ಕೇಳಿರಲಿಲ್ಲ. ಯಾರೋ ಮೆಕಿನಿಯದ್ದು, ಇನ್ಯಾರದ್ದು?

ಮಗಳು ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ಕೇಳಲೇಬೇಕಾಯಿತು. ಇಲ್ಲಿ ಮಕ್ಕಳಿಗೆ ನಾಲ್ಕನೇ ಕ್ಲಾಸಿನಲ್ಲಿ ಟೆಕ್ಸಸ್ ಚರಿತ್ರೆ ಪಾಠವಾಗುತ್ತದೆ ಅಂತ ಮಕ್ಕಳಿರುವವರಿಗೆಲ್ಲ ಗೊತ್ತು. ಆಲಮೋ, ಸ್ಯಾನ್ ಜಸಿಂಟೋ, ಸ್ಯಾಮ್ ಹ್ಯೂಸ್ಟನ್, ಸ್ಟೀಫನ್ ಆಸ್ಟಿನ್... ಒಂದು ತಿಂಗಳು ಮನೆಯಲ್ಲಿ ಇದೇ ಭಜನೆ. ಒಂದು ರಾತ್ರಿ ಊಟ ಮಾಡುತ್ತಾ ಅವಳು ಕೇಳಿದಳು: "ಅಪ್ಪಾ, ಇವರೆಲ್ಲ ಯುದ್ಧ ಮಾಡಿದರಲ್ಲ, ಗನ್ನುಗಳಿಗೆ ದುಡ್ಡು ಯಾರು ಕೊಟ್ಟರು?"

ನಾನು ಉತ್ತರ ಹುಡುಕುವ ಮೊದಲೇ ಎದುರಿಗೆ ಕೂತಿದ್ದ ನಮ್ಮಪ್ಪ ಚಪಾತಿ ಕೆಳಗಿಟ್ಟರು. ಅಪ್ಪ ಕೆನರಾ ಬ್ಯಾಂಕಿನಲ್ಲಿ ಮೂವತ್ತು ವರ್ಷದ ಮೇಲೆ ದುಡಿದು ರಿಟೈರ್ ಆದವರು, ಆಗ ಆರು ತಿಂಗಳಿಗೆ ಇಲ್ಲಿಗೆ ಬಂದಿದ್ದರು. "ಒಳ್ಳೇ ಪ್ರಶ್ನೆ ಪುಟ್ಟೀ. ನಿಮ್ಮಪ್ಪ ಎಂಜಿನಿಯರಿಂಗ್ ಓದಿದರೂ ಇಂಥ ಪ್ರಶ್ನೆ ಒಂದು ದಿನ ಕೇಳಲಿಲ್ಲ" ಎಂದರು. ಅವತ್ತಿನಿಂದ ತಾತ-ಮೊಮ್ಮಗಳು ಒಂದು ಪಾರ್ಟಿ, ನಾನು ಅವರ ಡ್ರೈವರ್.

ದುಡ್ಡು ಕೊಟ್ಟವರಲ್ಲಿ ದೊಡ್ಡ ಹೆಸರು 'ಮೆಕಿನಿ ಅಂಡ್ ವಿಲಿಯಮ್ಸ್' ಎಂಬ ಮಂಡಿ. ಬ್ರಾಜೋಸ್ ನದಿ ಸಮುದ್ರ ಸೇರುವ ಕಡೆ, ಕ್ವಿಂಟಾನಾ ಎಂಬಲ್ಲಿ ಹತ್ತಿ ಕೊಂಡು ಸಾಮಾನು ಮಾರುತ್ತಿದ್ದ ಪಾಲುದಾರರು. ಥಾಮಸ್ ಮೆಕಿನಿ ನಮ್ಮ ಫಾಲ್ಸಿನ ಮೆಕಿನಿಯೇ. (ಡಲ್ಲಾಸಿನ ಸ್ನೇಹಿತರೇ, ನಿಮ್ಮ ಮೆಕಿನಿ ಊರು ಬೇರೆ! ಅದು 1836ರ ಟೆಕ್ಸಸ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಕಾಲಿನ್ ಮೆಕಿನಿಯ ಹೆಸರಿನದ್ದು. ಫ್ರಿಸ್ಕೋದಲ್ಲಿರುವ ನನ್ನ ಕಸಿನ್ ಜೊತೆ ಈ ವಿಷಯಕ್ಕೆ ಅರ್ಧ ಗಂಟೆ ಜಗಳವಾಗಿದೆ.) ಇನ್ನೊಬ್ಬ ಪಾಲುದಾರ ಸ್ಯಾಮ್ಯುಯೆಲ್ ಮೇ ವಿಲಿಯಮ್ಸ್. ಹ್ಯೂಸ್ಟನ್ನಿಗೆ ಊರಿದೆ, ಆಸ್ಟಿನ್ನಿಗೆ ಊರಿದೆ, ಮೆಕಿನಿಗೆ ಫಾಲ್ಸಾದರೂ ಇದೆ. ಯುದ್ಧಕ್ಕೆ ಸಾಲ ಎತ್ತಿಕೊಟ್ಟ ವಿಲಿಯಮ್ಸನ ಹೆಸರು ಮಗಳ ಪಾಠದಲ್ಲಿ ಇರಲೇ ಇಲ್ಲ. ಯಾಕೆ ಅಂತ ಹುಡುಕುತ್ತಾ ಹೋದರೆ ಕಥೆ ಎಲ್ಲೆಲ್ಲಿಗೋ ಹೋಯಿತು.

ವಿಲಿಯಮ್ಸ್ ಹುಟ್ಟಿದ್ದು 1795ರಲ್ಲಿ, ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಲ್ಲಿ. ಹುಡುಗನಾಗಿದ್ದಾಗಲೇ ಬಾಲ್ಟಿಮೋರಿನಲ್ಲಿ ಚಿಕ್ಕಪ್ಪನ ಮಂಡಿಯಲ್ಲಿ ಕೆಲಸ ಕಲಿತ. ಹಡಗಿನ ಸರಕಿನ ಜೊತೆ ಬ್ಯೂನಸ್ ಐರಿಸ್‌ಗೆ ಹೋಗಿ ಸ್ಪ್ಯಾನಿಷ್ ಕಲಿತ. ನ್ಯೂ ಆರ್ಲಿಯನ್ಸ್‌ನಲ್ಲಿ ಸ್ವಲ್ಪ ಕಾಲ ಇದ್ದು, 1822ರಲ್ಲಿ ಟೆಕ್ಸಸ್‌ಗೆ ಬಂದಾಗ ಹೇಳಿಕೊಂಡ ಹೆಸರು 'ಎಕ್ಲ್‌ಸ್ಟನ್'. ಸುಳ್ಳು ಹೆಸರು! ಆಗ ಟೆಕ್ಸಸ್ ಮೆಕ್ಸಿಕೋಗೆ ಸೇರಿತ್ತು. ಹಳೆಯದನ್ನು ಬಿಟ್ಟು ಹೊಸದಾಗಿ ಶುರು ಮಾಡುವವರೆಲ್ಲ ಬರುತ್ತಿದ್ದ ಜಾಗ. ನಮ್ಮಂತೆ ವೀಸಾ, ಐ-797, ಬೆರಳಚ್ಚು ಯಾವುದೂ ಇಲ್ಲ.

ಅಮೆರಿಕದ ಸಂಸಾರಗಳನ್ನು ಕರೆತಂದು ನೆಲೆ ನಿಲ್ಲಿಸಲು ಮೆಕ್ಸಿಕೋ ಸರ್ಕಾರದಿಂದ ಅನುಮತಿ ಪಡೆದಿದ್ದವನು ಸ್ಟೀಫನ್ ಆಸ್ಟಿನ್. ಅವನಿಗೆ ಎರಡು ಭಾಷೆ ಬಲ್ಲ, ಕೈಬರಹ ಚೆನ್ನಾಗಿರುವ, ಲೆಕ್ಕ ತಪ್ಪದ ಒಬ್ಬ ಗುಮಾಸ್ತ ಬೇಕಿತ್ತು. ವಿಲಿಯಮ್ಸ್ ಸಿಕ್ಕ. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೊನಿಯ ಪತ್ರಗಳು, ಜಮೀನಿನ ಹಕ್ಕುಪತ್ರಗಳು, ಪೋಸ್ಟ್ ಆಫೀಸು ಎಲ್ಲ ಅವನ ಕೈಯಲ್ಲಿ. ನಮ್ಮ ಕಡೆ ಹೇಳುವುದಾದರೆ ಶಾನುಭೋಗರು, ಸಬ್ ರಿಜಿಸ್ಟ್ರಾರು, ಪೋಸ್ಟ್ ಮಾಸ್ಟರು ಮೂರೂ ಒಬ್ಬನೇ. ಸಂಬಳದ ಬದಲು ಹೆಚ್ಚಾಗಿ ಸಿಕ್ಕಿದ್ದು ಜಮೀನು: ಹನ್ನೊಂದು ಲೀಗ್, ಅಂದರೆ ಸುಮಾರು 49,000 ಎಕರೆ. ಅಪ್ಪನಿಗೆ ಈ ಸಂಖ್ಯೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂಜನಗೂಡಿನ ಹತ್ತಿರ ನಮ್ಮ ಮನೆತನದ ಎರಡು ಎಕರೆ ಹದಿನೆಂಟು ಗುಂಟೆಗೆ ದಾಯಾದಿಗಳು ಇನ್ನೂ ಕೋರ್ಟು ಅಲೆಯುತ್ತಿದ್ದಾರೆ.

ಆ ಕಾಲೊನಿಯ ರಾಜಧಾನಿ ಸ್ಯಾನ್ ಫೆಲಿಪೆ. ಆಸ್ಟಿನ್‌ನಿಂದ ಹೈವೇ 71 ಹಿಡಿದು, ಕೊಲಂಬಸ್‌ನಲ್ಲಿ ಐ-10ಕ್ಕೆ ಸೇರಿ ಹ್ಯೂಸ್ಟನ್ ಕಡೆಗೆ ಹೋಗುತ್ತೀರಲ್ಲ, ಸೀಲಿ ದಾಟಿದ ತಕ್ಷಣ ಬರುತ್ತದೆ. ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗುವಾಗ ನಾವು ಎಷ್ಟೋ ಸಲ ಅದರ ಪಕ್ಕದಲ್ಲೇ 75 ಮೈಲಿ ವೇಗದಲ್ಲಿ ಹಾದುಹೋಗಿದ್ದೆವು. ಸ್ಪ್ರಿಂಗ್ ಬ್ರೇಕಿನಲ್ಲಿ ಮೊದಲ ಸಲ ಎಕ್ಸಿಟ್ ತೆಗೆದುಕೊಂಡೆ. 2018ರಲ್ಲಿ ತೆರೆದ ಒಳ್ಳೆಯ ಮ್ಯೂಸಿಯಂ ಇದೆ. ಊರು ಮಾತ್ರ ಇಲ್ಲ. 1836ರ ಮಾರ್ಚಿನಲ್ಲಿ ಮೆಕ್ಸಿಕೋ ಸೈನ್ಯ ಬರುತ್ತಿದೆ ಅಂತ ಇಡೀ ಊರಿಗೆ ಬೆಂಕಿ ಇಟ್ಟು ಜನ ಓಡಿದರು. ಹುಲ್ಲು, ಮರ, ಗಾಳಿ, ದೂರದಲ್ಲಿ ಹೈವೇ ಸದ್ದು.

ವಿಲಿಯಮ್ಸನ ಹೆಸರು ಕೆಟ್ಟದ್ದು ಅದಕ್ಕೂ ಒಂದು ವರ್ಷ ಮೊದಲು.

ಆಗ ಟೆಕ್ಸಸ್ ಒಂದು ಸ್ವಂತ ರಾಜ್ಯವಲ್ಲ, ಪಕ್ಕದ ಕೊವಾವೀಲಾ ಜೊತೆ ಸೇರಿಸಿದ ಜೋಡಿ ರಾಜ್ಯ. ರಾಜಧಾನಿ ದೂರದ ಮಾಂಕ್ಲೋವಾ. (ಬೆಳಗಾವಿ, ಧಾರವಾಡದವರು ಎಲ್ಲದಕ್ಕೂ ಮುಂಬಯಿಗೆ ಓಡುತ್ತಿದ್ದ ಕಾಲ ನೆನಪಿಸಿಕೊಳ್ಳಿ.) ಸ್ಟೀಫನ್ ಆಸ್ಟಿನ್ ಟೆಕ್ಸಸ್‌ಗೆ ಬೇರೆ ರಾಜ್ಯ ಕೊಡಿ ಅಂತ ಕೇಳಲು ಮೆಕ್ಸಿಕೋ ಸಿಟಿಗೆ ಹೋಗಿ, 1834ರ ಜನವರಿಯಲ್ಲಿ ಬಂಧಿತನಾದ. ವರ್ಷದ ಕೊನೆಗೆ ಸೆರೆಯಿಂದ ಬಿಟ್ಟರೂ ಆ ಊರು ಬಿಡುವ ಹಾಗಿರಲಿಲ್ಲ. ಹಿಂದೆ ಮನೆ ನೋಡಿಕೊಳ್ಳಲು ಇದ್ದವನು ನಂಬಿಕೆಯ ವಿಲಿಯಮ್ಸ್.

1835ರ ವಸಂತದಲ್ಲಿ ವಿಲಿಯಮ್ಸ್ ಬ್ರಾಜೋಸ್ ಪ್ರಾಂತ್ಯದ ಪ್ರತಿನಿಧಿಯಾಗಿ ಮಾಂಕ್ಲೋವಾದ ಶಾಸನಸಭೆಯಲ್ಲಿದ್ದ. ರಾಜ್ಯದ ಖಜಾನೆ ಖಾಲಿ. ಕೇಂದ್ರದಲ್ಲಿ ಸಾಂತಾ ಆನಾ ಸೈನ್ಯ ಕಳಿಸುವ ಬೆದರಿಕೆ. ದುಡ್ಡಿಲ್ಲದ ಸರ್ಕಾರದ ಹತ್ತಿರ ಉಳಿದಿದ್ದು ಒಂದೇ, ಟೆಕ್ಸಸ್‌ನ ಖಾಲಿ ಜಮೀನು. ಅದನ್ನು ಲೀಗ್ ಲೆಕ್ಕದಲ್ಲಿ ಮಾರಲು ಶುರು ಮಾಡಿದರು. ವಿಲಿಯಮ್ಸ್ ಮತ್ತು ಇಬ್ಬರು ಜೊತೆಗಾರರು, ರಾಬರ್ಟ್ ಪೀಬಲ್ಸ್ ಮತ್ತು ಫ್ರಾನ್ಸಿಸ್ ಜಾನ್ಸನ್, ಗಡಿ ಕಾಯಲು 1,000 ಜನರ ಪಡೆ ಕಟ್ಟಿಕೊಡುತ್ತೇವೆ ಎಂದು ಒಪ್ಪಿ ಅದಕ್ಕೆ ಬದಲಾಗಿ 400 ಲೀಗ್ ಬರೆಸಿಕೊಂಡರು. ಒಂದು ಲೀಗ್ 4,428 ಎಕರೆ. 400 ಲೀಗ್ ಎಂದರೆ ಹದಿನೇಳು ಲಕ್ಷ ಎಕರೆಗೂ ಹೆಚ್ಚು, ಸುಮಾರಾಗಿ ನಮ್ಮ ಮೈಸೂರು ಜಿಲ್ಲೆಯಷ್ಟು! ಸ್ಟೀಫನ್ ಆಸ್ಟಿನ್ ಪರದಾಡಿ ನೆಲೆ ನಿಲ್ಲಿಸಿದ ಮೊದಲ ಕಾಲೊನಿಯಲ್ಲಿ ದನ ಸಾಕುವ ಒಂದು ಸಂಸಾರಕ್ಕೆ ಸಿಗುತ್ತಿದ್ದದ್ದು ಒಂದು ಲೀಗ್. ಆ ಕಾಲೊನಿಯವರನ್ನೆಲ್ಲ ಸೇರಿಸಿದರೂ ಸುಮಾರು 300 ಸಂಸಾರ.

ಅದೇ ಏಪ್ರಿಲಿನಲ್ಲಿ ಅದೇ ಶಾಸನಸಭೆಯಿಂದ ವಿಲಿಯಮ್ಸ್ ಇನ್ನೊಂದು ಕಾಗದವನ್ನೂ ಪಡೆದ. ಟೆಕ್ಸಸ್‌ನಲ್ಲಿ ಬ್ಯಾಂಕು ತೆರೆಯುವ ಸನ್ನದು. ಬಂಡವಾಳ ಹತ್ತು ಲಕ್ಷ ಡಾಲರ್, ಒಂದು ಲಕ್ಷದಷ್ಟು ಬೆಳ್ಳಿ-ಬಂಗಾರದ ನಾಣ್ಯ ಕೈಯಲ್ಲಿದ್ದರೆ ಬಾಗಿಲು ತೆರೆಯಬಹುದು. ಈ ಕಾಗದವನ್ನು ನೆನಪಿಟ್ಟುಕೊಂಡಿರಿ.

ಸುದ್ದಿ ಟೆಕ್ಸಸ್ ತಲುಪಿದಾಗ ಜನ ಉರಿದುಬಿದ್ದರು. ಜನರಿಗಾಗಿ ಕಳಿಸಿದ ಪ್ರತಿನಿಧಿ ಜನರ ಜಮೀನನ್ನು ತಾನೇ ಕೊಂಡ! ಅಷ್ಟೇ ಅಲ್ಲ, ಸಾಂತಾ ಆನಾ ವಿರುದ್ಧ ಎದ್ದೇಳಿ ಎಂದು ಕೆಲವರು ಕೂಗಿದಾಗ ಎಷ್ಟೋ ರೈತರು, "ಇದು ಜಮೀನು ದಲ್ಲಾಳಿಗಳು ತಮ್ಮ ಲೀಗ್ ಉಳಿಸಿಕೊಳ್ಳಲು ಎಬ್ಬಿಸಿದ ಗಲಾಟೆ" ಅಂತ ಮನೆಯಲ್ಲೇ ಉಳಿದರು. ಮೆಕ್ಸಿಕೋ ಸೇನೆಯ ಬಂಧಿಸಬೇಕಾದವರ ಪಟ್ಟಿಯಲ್ಲೂ ವಿಲಿಯಮ್ಸನ ಹೆಸರು ಇತ್ತು. ಎರಡೂ ಕಡೆಯವರಿಗೆ ಬೇಡದವನಾದ.

ಸ್ಯಾನ್ ಫೆಲಿಪೆಯ ಮ್ಯೂಸಿಯಂ ಹೊರಗೆ ಬೆಂಚಿನ ಮೇಲೆ ಕೂತು ಇಷ್ಟನ್ನು ಹೇಳಿದೆ. ಮಗಳ ತೀರ್ಪು ತಕ್ಷಣ ಬಂತು: "ಬ್ಯಾಡ್ ಗೈ." ಅಪ್ಪ ಕೈ ಎತ್ತಿ ತಡೆದರು. "ನಿಲ್ಲು ಪುಟ್ಟೀ. ದುಡ್ಡು ಕೊಟ್ಟದ್ದು ಯಾವಾಗ ಅಂತ ಮೊದಲು ಕೇಳು."

ದುಡ್ಡು ಕೊಟ್ಟದ್ದು ಇದಾದ ಮೇಲೆ. ಬ್ಯಾಂಕಿಗೆ ಷೇರುದಾರರನ್ನು ಹುಡುಕಲು ವಿಲಿಯಮ್ಸ್ ಅಮೆರಿಕಕ್ಕೆ ಹೋದ. ಅಷ್ಟರಲ್ಲಿ ಇಲ್ಲಿ ಯುದ್ಧ ಶುರುವಾಯಿತು. ಟೆಕ್ಸಸ್‌ನ ತಾತ್ಕಾಲಿಕ ಸರ್ಕಾರಕ್ಕೆ ಖಜಾನೆಯೂ ಇಲ್ಲ, ಸಾಲ ಕೊಡುವವರೂ ಇಲ್ಲ. ನಾಳೆ ಇರುತ್ತದೋ ಇಲ್ಲವೋ ಎನ್ನುವ ಸರ್ಕಾರಕ್ಕೆ ಯಾರು ಕೊಡುತ್ತಾರೆ? ಆದರೆ ಮೆಕಿನಿ ಅಂಡ್ ವಿಲಿಯಮ್ಸ್ ಮಂಡಿಗೆ ನ್ಯೂ ಆರ್ಲಿಯನ್ಸ್, ಬಾಲ್ಟಿಮೋರ್ ವರ್ತಕರ ಹತ್ತಿರ ಹೆಸರಿತ್ತು. ಆ ಹೆಸರಿನ ಮೇಲೆ ಬಂದೂಕು, ಮದ್ದು, ಹಿಟ್ಟು, ಬಟ್ಟೆ ಬಂತು. 'ಇನ್‌ವಿನ್ಸಿಬಲ್' ಎಂಬ ಹಡಗನ್ನು ಕೊಂಡು ಟೆಕ್ಸಸ್ ನೌಕಾಪಡೆಗೆ ಕೊಟ್ಟದ್ದೂ ಇದೇ ಮಂಡಿ. ಹೊಸ ಸರ್ಕಾರ ಇವರಿಗೆ ಕೊಡಬೇಕಾದ ಬಾಕಿ ಸುಮಾರು 99,000 ಡಾಲರ್ ಆಯಿತು.

"ಸೆಕ್ಯೂರಿಟಿ ಏನು ತಗೊಂಡ?" ಅಪ್ಪನ ಪ್ರಶ್ನೆ.

"ಏನೂ ಇಲ್ಲ. ಸರ್ಕಾರದ ಮಾತು."

"ಹಾಗಾದರೆ ನಮ್ಮ ಬ್ಯಾಂಕಿನಲ್ಲಿ ಅವನನ್ನು ಸಸ್ಪೆಂಡ್ ಮಾಡುತ್ತಿದ್ದರು."

1836ರ ಏಪ್ರಿಲ್ 21ರಂದು ಸ್ಯಾನ್ ಜಸಿಂಟೋದಲ್ಲಿ ಟೆಕ್ಸಸ್ ಗೆದ್ದಿತು. ಗೆದ್ದ ದೇಶದ ಸಂವಿಧಾನ ಆ ಮಾಂಕ್ಲೋವಾದ ಭಾರಿ ಜಮೀನು ಮಾರಾಟಗಳನ್ನು ರದ್ದು ಮಾಡಿತ್ತು. ಪಾಪ, ಪೆಟ್ಟು ಹೆಚ್ಚು ಬಿದ್ದದ್ದು ಸ್ಟೀಫನ್ ಆಸ್ಟಿನ್‌ಗೆ. ಆ ಸೆಪ್ಟೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ, ವಿಲಿಯಮ್ಸನ ವ್ಯವಹಾರದಲ್ಲಿ ಇವನಿಗೂ ಪಾಲಿದೆ ಎಂಬ ಗುಸುಗುಸು ಹಬ್ಬಿತು. ಸ್ಯಾಮ್ ಹ್ಯೂಸ್ಟನ್ನಿಗೆ 5,119 ವೋಟು, ಹೆನ್ರಿ ಸ್ಮಿತ್‌ಗೆ 743. 'ಟೆಕ್ಸಸ್‌ನ ತಂದೆ' ಎನಿಸಿಕೊಂಡವನಿಗೆ 587. ಹ್ಯೂಸ್ಟನ್ ಯುದ್ಧ ಗೆದ್ದ ದಂಡನಾಯಕ, ಹೇಗೂ ಗೆಲ್ಲುತ್ತಿದ್ದ ಅನ್ನಿ. ಆದರೂ ತನ್ನ ಗುಮಾಸ್ತ ಮಾಡಿದ್ದಕ್ಕೆ ತಾನು ಜನರ ಮುಂದೆ ನಿಂತು ಸಮಜಾಯಿಷಿ ಕೊಡಬೇಕಾಯಿತು ಎಂಬ ನೋವು ಅವನಿಗೆ ಕೊನೆಯವರೆಗೂ ಇತ್ತು. ಆ ಡಿಸೆಂಬರ್ 27ರಂದು, 43ನೇ ವಯಸ್ಸಿಗೆ ತೀರಿಕೊಂಡ. ಇಡೀ ಕಥೆಯಲ್ಲಿ ವಿಲಿಯಮ್ಸನನ್ನು ನಾನು ಕ್ಷಮಿಸಲಾಗದ ಜಾಗ ಇದೊಂದೇ. ದುಡ್ಡಿನ ವಿಷಯ ಬಿಡಿ. ದೂರದಲ್ಲಿ ಸಿಕ್ಕಿಬಿದ್ದ ಸ್ನೇಹಿತನ ಮನೆ ನೋಡಿಕೊಳ್ಳುತ್ತೇನೆ ಅಂತ ಕೂತವನು ಹಾಗೆ ಮಾಡಬಾರದಿತ್ತು.

ಹೆಸರು ಕೆಟ್ಟರೂ ಅವನನ್ನು ಬಿಟ್ಟರೆ ಸರ್ಕಾರಕ್ಕೆ ಗತಿ ಇರಲಿಲ್ಲ. ಬೈಯುವುದು, ಕಷ್ಟ ಬಂದಾಗ ಅವನ ಮನೆ ಬಾಗಿಲಿಗೇ ಹೋಗುವುದು. 1838ರಲ್ಲಿ ಬಾಲ್ಟಿಮೋರಿನ ಫ್ರೆಡರಿಕ್ ಡಾಸನ್ ಜೊತೆ ಮಾತಾಡಿ ಟೆಕ್ಸಸ್ ನೌಕಾಪಡೆಗೆ ಆರು ಹಡಗುಗಳನ್ನು ಸಾಲದ ಮೇಲೆ ಗೊತ್ತು ಮಾಡಿಕೊಟ್ಟವನು ವಿಲಿಯಮ್ಸ್. 1839ರಲ್ಲಿ ಗ್ಯಾಲ್ವೆಸ್ಟನ್ ಪರವಾಗಿ ಟೆಕ್ಸಸ್ ಕಾಂಗ್ರೆಸ್ಸಿನಲ್ಲಿದ್ದ. 1843ರಲ್ಲಿ ಮೆಕ್ಸಿಕೋ ಜೊತೆ ಕದನವಿರಾಮ ಮಾತಾಡಲು ಹ್ಯೂಸ್ಟನ್ ಕಳಿಸಿದ ಇಬ್ಬರಲ್ಲಿ ಇವನೊಬ್ಬ. ತಂದ ಕಾಗದದಲ್ಲಿ ಟೆಕ್ಸಸ್ಸನ್ನು ಮೆಕ್ಸಿಕೋದ ಒಂದು ಭಾಗ ಅಂತ ಬರೆದಿದ್ದರಿಂದ ಅದು ಕಸದ ಬುಟ್ಟಿ ಸೇರಿತು.

ಸರ್ಕಾರದ ಸ್ವಂತ ನೋಟುಗಳ ಪಾಡು ಕೇಳಬೇಡಿ. ಹಿಂಬದಿ ಕೆಂಪಾಗಿದ್ದರಿಂದ 'ರೆಡ್‌ಬ್ಯಾಕ್' ಎನ್ನುತ್ತಿದ್ದ ಆ ನೋಟು 1842ರ ಹೊತ್ತಿಗೆ ಡಾಲರಿಗೆ ಕೆಲವೇ ಸೆಂಟಿಗೆ ಇಳಿದಿತ್ತು. ಅದಕ್ಕೆ ಮುಂಚೆ 1837ರಲ್ಲಿ ಅಮೆರಿಕದಾದ್ಯಂತ ಬ್ಯಾಂಕುಗಳು ಮುರಿದುಬಿದ್ದು, ಸಾಲಗಾರರಿಂದ ತಪ್ಪಿಸಿಕೊಂಡು ಟೆಕ್ಸಸ್‌ಗೆ ಬಂದ ಸಂಸಾರಗಳು ಎಷ್ಟೋ. ಇಂಥವರ ಕಿವಿಗೆ 'ಬ್ಯಾಂಕು' ಎಂಬುದು ಬೈಗುಳ. 1845ರಲ್ಲಿ ಟೆಕ್ಸಸ್ ಅಮೆರಿಕದ ರಾಜ್ಯವಾದಾಗ ಸಂವಿಧಾನದಲ್ಲೇ ಬರೆದುಬಿಟ್ಟರು: ಬ್ಯಾಂಕಿಂಗ್ ಮಾಡುವ ಯಾವ ಸಂಸ್ಥೆಗೂ ಅನುಮತಿ ಇಲ್ಲ.

ಇದು ಕೇಳಿ ಅಪ್ಪನಿಗೆ ನಿಜಕ್ಕೂ ಬೇಜಾರಾಯಿತು. ಅವರು ಬೆಳೆದ ಲೋಕವೇ ಬೇರೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿನ ಮೂಲವಾದ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದ್ದು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದಾಗ ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ ಎಂಬುದು, ಇದನ್ನೆಲ್ಲ ಅವರು ದೇವರ ಕಥೆಯ ಹಾಗೆ ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಬ್ಯಾಂಕು ಎಂದರೆ ಸಾಹುಕಾರನಿಂದ ಬಿಡುಗಡೆ. ಇಲ್ಲಿ ಬ್ಯಾಂಕು ಎಂದರೇ ಸಾಹುಕಾರ.

ವಿಲಿಯಮ್ಸ್ ಸುಮ್ಮನಿರುವವನೇ? 1847ರ ಡಿಸೆಂಬರ್ 30ರಂದು ಗ್ಯಾಲ್ವೆಸ್ಟನ್‌ನಲ್ಲಿ 'ಕಮರ್ಷಿಯಲ್ ಅಂಡ್ ಅಗ್ರಿಕಲ್ಚರಲ್ ಬ್ಯಾಂಕ್' ಬಾಗಿಲು ತೆರೆದ. ಅಧಿಕಾರ ಎಲ್ಲಿಂದ? ನಿಮಗೆ ನೆನಪಿಟ್ಟುಕೊಳ್ಳಲು ಹೇಳಿದ್ದ ಆ 1835ರ ಕಾಗದ! ಅದನ್ನು ಕೊಟ್ಟ ಕೊವಾವೀಲಾ-ಟೆಕ್ಸಸ್ ಎಂಬ ರಾಜ್ಯವೇ ಭೂಪಟದಲ್ಲಿ ಇರಲಿಲ್ಲ. ಹೊಸದಾಗಿ ಅನುಮತಿ ಕೊಡಬಾರದು ಅಂತ ಸಂವಿಧಾನ ಹೇಳುತ್ತದೆ, ನನ್ನದು ಹಳೆಯದು ಎಂಬುದು ಅವನ ವಾದ. ಮಹಾರಾಜರ ಕಾಲದ ಸನ್ನದು ಹಿಡಿದು ವಿಧಾನಸೌಧಕ್ಕೆ ಬಂದ ಇನಾಮದಾರರ ಹಾಗೆ. ಟೆಕ್ಸಸ್‌ನ ಮೊದಲ ಇನ್‌ಕಾರ್ಪೊರೇಟೆಡ್ ಬ್ಯಾಂಕು ಎಂದು ಚರಿತ್ರೆಯ ಪುಸ್ತಕಗಳು ಹೇಳುವುದು ಇದನ್ನೇ.

ಶಾಸನಸಭೆ 1848ರಲ್ಲೇ ತಿಂಗಳಿಗೆ ಸಾವಿರಾರು ಡಾಲರ್ ದಂಡ ಹಾಕುವ ಕಾನೂನು ತಂದಿತು. ಸರ್ಕಾರ ಕೇಸು ಹಾಕಿತು. 1852ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟು ವಿಲಿಯಮ್ಸನ ಪರವಾಗಿ ತೀರ್ಪು ಕೊಟ್ಟಿತು. ಹಳೆಯ ಸನ್ನದು ನಿಂತಿತು. ವಿರೋಧಿಗಳು ಬಿಡಲಿಲ್ಲ, ಇನ್ನೊಂದು ಕೇಸು. ತಮಾಷೆ ಎಂದರೆ ಅದೇ ಊರಿನಲ್ಲಿ ರಾಬರ್ಟ್ ಮಿಲ್ಸ್ ಎಂಬ ದೊಡ್ಡ ವರ್ತಕ ಮಿಸಿಸಿಪ್ಪಿಯ ಒಂದು ಬ್ಯಾಂಕಿನ ನೋಟಿನ ಹಿಂದೆ ತನ್ನ ಸಹಿ ಹಾಕಿ ಚಲಾವಣೆಗೆ ಬಿಡುತ್ತಿದ್ದ, ಜನ 'ಮಿಲ್ಸ್ ದುಡ್ಡು' ಅಂತ ಖುಷಿಯಾಗಿ ತೆಗೆದುಕೊಳ್ಳುತ್ತಿದ್ದರು. ದುಡ್ಡು ಎಲ್ಲರಿಗೂ ಬೇಕು, ಬ್ಯಾಂಕು ಯಾರಿಗೂ ಬೇಡ!

ವಿಲಿಯಮ್ಸ್ 1858ರ ಸೆಪ್ಟೆಂಬರ್ 13ರಂದು ಸತ್ತ. ಮರುವರ್ಷ ಸುಪ್ರೀಂ ಕೋರ್ಟಿನ ತೀರ್ಪು ಬ್ಯಾಂಕಿನ ವಿರುದ್ಧ ಬಂತು, ಬಾಗಿಲು ಮುಚ್ಚಿತು.

ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಈ ಮಂಡಿ, ಈ ಬ್ಯಾಂಕು ಎಲ್ಲ ನಿಂತಿದ್ದದ್ದು ಹತ್ತಿಯ ಮೇಲೆ, ಹತ್ತಿ ನಿಂತಿದ್ದದ್ದು ಗುಲಾಮರ ದುಡಿಮೆಯ ಮೇಲೆ. ವಿಲಿಯಮ್ಸ್, ಮೆಕಿನಿ ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರು. 99,000 ಡಾಲರಿನ ಬಾಕಿಗೆ ಲೆಕ್ಕವಿದೆ, ಆ ಜನರ ದುಡಿಮೆಯ ಬಾಕಿಗೆ ಲೆಕ್ಕವೇ ಇಲ್ಲ. ಇದನ್ನು ಮಗಳಿಗೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಗ್ಯಾಲ್ವೆಸ್ಟನ್ನಿಗೆ ನಾವು ತಲುಪಿದಾಗ ಸಂಜೆ. ಅವೆನ್ಯೂ ಪಿ ಎಂಬ ಬೀದಿಯಲ್ಲಿ 1839ರ ಸುಮಾರಿಗೆ ಕಟ್ಟಿಸಿದ ವಿಲಿಯಮ್ಸನ ಮನೆ ಇನ್ನೂ ನಿಂತಿದೆ. ಸಾವಿರಾರು ಜನರನ್ನು ಬಲಿ ತೆಗೆದುಕೊಂಡ 1900ರ ಚಂಡಮಾರುತವನ್ನೂ ತಡೆದುಕೊಂಡ ಮರದ ಮನೆ. ನಾವು ಹೊರಗಿನಿಂದಲೇ ನೋಡಿದೆವು. ಅವನ ಕಾಗದಪತ್ರಗಳು ಅದೇ ಊರಿನ ರೋಸೆನ್‌ಬರ್ಗ್ ಲೈಬ್ರರಿಯಲ್ಲಿವೆ.

ಇಷ್ಟೆಲ್ಲ ಹಳೇ ಕಥೆ ನಮಗೇಕೆ ಅನ್ನುತ್ತೀರಾ? ಟೆಕ್ಸಸ್‌ನಲ್ಲಿ ಮನೆ ಕೊಂಡವರು ಒಂದು ನಿಮಿಷ ಕೇಳಿ. ಸಾಲಗಾರ ಮನೆ ಕಿತ್ತುಕೊಳ್ಳದ ಹಾಗೆ ಟೆಕ್ಸಸ್ 1839ರಲ್ಲೇ ಕಾನೂನು ಮಾಡಿತು. ಅದು ವಿಲಿಯಮ್ಸನಿಂದ ಆಯಿತು ಅಂತಲ್ಲ, ಆದರೆ ಅದೇ ಜನ, ಅದೇ ಭಯ. ರಾಜ್ಯದ ಬ್ಯಾಂಕುಗಳ ಮೇಲಿನ ನಿಷೇಧವನ್ನು 1869ರಲ್ಲಿ ತೆಗೆದು, 1876ರಲ್ಲಿ ಮತ್ತೆ ಹಾಕಿ, 1904ರಲ್ಲಿ ಕೊನೆಗೆ ತೆಗೆದರು. ಒಂದು ಬ್ಯಾಂಕು ಊರೂರಿಗೆ ಬ್ರಾಂಚ್ ತೆರೆಯುವ ಹಾಗಾದದ್ದು 1986ರ ತಿದ್ದುಪಡಿಯ ಮೇಲೆ! ಮನೆಯಲ್ಲಿ ಕೂಡಿದ ಈಕ್ವಿಟಿಯ ಮೇಲೆ ಸಾಲ ಪಡೆಯಲು ಸಾಧ್ಯವಾದದ್ದು 1998ರಿಂದ, ಅದೂ ಎಲ್ಲ ಸಾಲ ಸೇರಿ ಮನೆಯ ಬೆಲೆಯ 80 ಪರ್ಸೆಂಟ್ ದಾಟುವಂತಿಲ್ಲ, ಅರ್ಜಿ ಹಾಕಿದ 12 ದಿನದೊಳಗೆ ಸಹಿ ಮಾಡುವಂತಿಲ್ಲ, ಮನೆಯಲ್ಲಿ ಕೂತು ಸಹಿ ಹಾಕುವಂತೆಯೂ ಇಲ್ಲ. ಮೈಸೂರಿನ ಮನೆ ರಿಪೇರಿಗೆ ಅಂತ ಕಳೆದ ವರ್ಷ ನಾನೂ ಈ ಸಾಲಕ್ಕೆ ಅರ್ಜಿ ಹಾಕಿ, "ಏನಪ್ಪಾ ಇಷ್ಟೊಂದು ರೂಲ್ಸು" ಅಂತ ಗೊಣಗಿದ್ದೆ. 2008ರಲ್ಲಿ ಬೇರೆ ರಾಜ್ಯಗಳಲ್ಲಿ ಮನೆ ಕಳೆದುಕೊಂಡ ಸಹೋದ್ಯೋಗಿಗಳ ಮುಖ ನೆನಪಾದ ಮೇಲೆ ಗೊಣಗುವುದು ನಿಲ್ಲಿಸಿದೆ.

ಮಗಳು ಪ್ರಾಜೆಕ್ಟಿನಲ್ಲಿ ವಿಲಿಯಮ್ಸನಿಗೆ ಅರ್ಧ ಬೋರ್ಡು ಕೊಟ್ಟಳು. ಒಂದು ಕಡೆ 'ಅವನು ಕೊಟ್ಟದ್ದು', ಇನ್ನೊಂದು ಕಡೆ 'ಅವನು ತೆಗೆದುಕೊಂಡದ್ದು'. 'ಬ್ಯಾಡ್ ಗೈ' ಎಂಬುದನ್ನು ಹಾಕಲಿಲ್ಲ, ತೆಗೆಯಿರಿ ಅಂತ ನಾವ್ಯಾರೂ ಹೇಳಿರಲಿಲ್ಲ.

ಅಪ್ಪ ಊರಿಗೆ ಹೋದ ಮೇಲೆ ಒಂದು ಭಾನುವಾರ ಫೋನಿನಲ್ಲಿ ಕೇಳಿದರು. "ಅಲ್ವೋ, ಆ 99,000 ಕೊನೆಗೆ ಪೂರ್ತಿ ಕೊಟ್ಟರಾ?"

"ಇಲ್ಲಪ್ಪ. ಟೆಕ್ಸಸ್ ರಿಪಬ್ಲಿಕ್ಕೂ ಕೊಡಲಿಲ್ಲ, ಆಮೇಲೆ ರಾಜ್ಯವೂ ಪೂರ್ತಿ ಕೊಡಲಿಲ್ಲ. ಸ್ವಲ್ಪ ಭಾಗ ಸಿಕ್ಕಿತು ಅಷ್ಟೆ. ಆರು ಪರ್ಸೆಂಟ್ ಚಕ್ರಬಡ್ಡಿ ಅಂತ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ, ಇವತ್ತಿಗೆ ನೂರಾರು ಕೋಟಿ ಡಾಲರ್ ಆಗುತ್ತೆ."

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಮ್ಯಾನೇಜರ್ ದನಿಯಲ್ಲಿ ಹೇಳಿದರು: "ನಮ್ಮಲ್ಲಾದರೆ ಮೂರು ವರ್ಷಕ್ಕೇ ಲಿಮಿಟೇಷನ್ ಮುಗಿದುಹೋಯಿತು ಬಿಡು. ಅವನು ಪ್ರತಿ ಸಲವೂ ಬ್ಯಾಲೆನ್ಸ್ ಕನ್ಫರ್ಮೇಷನ್ ಬರೆಸಿಕೊಳ್ಳಬೇಕಿತ್ತು."